ಮೈಟೊಕಾಂಡ್ರಿಯದ ಪೊರೆಯ ಚಾನೆಲ್‌ಗಳಲ್ಲಿ ಹರಿಯುವ ಕರೆಂಟನ್ನು ಅಳೆಯುವುದು ಹೇಗೆ?

ಬೆಂಗಳೂರಿನ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ಇದು. ಇಷ್ಟು ಚಿಕ್ಕದಕ್ಕೆ ವಿದ್ಯುದ್ವಾರ ತಾಗಿಸುವುದಾದರೂ ಹೇಗೆ ಎಂಬುದು ಅವರ ಅನುಮಾನ.

ಮೊದಲು ಪೊರೆಗಳ ವಿಚಾರ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಅಂಗವಾದ ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಅವುಗಳಲ್ಲಿ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಹಾದುಹೋಗುವ ಪ್ರೋಟೀನಿನ ದಾರಿಗಳೇ ಚಾನೆಲ್‌ಗಳು, ಆ ಅಯಾನುಗಳ ಹರಿವೇ ಕರೆಂಟು. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ಟಿಕೆಟ್ ಇಲ್ಲದೆಯೂ ಒಳಬರಬಹುದು, ತಡೆ ಇರುವುದು ಗೇಟಿನಲ್ಲಿ. ಇಲ್ಲೂ ಹಾಗೆಯೇ. ಹೊರಪೊರೆಯ ವಿಡಿಎಸಿ ಎಂಬ ಚಾನೆಲ್ ಪ್ರೋಟೀನು, ಶಕ್ತಿ ಹೊರುವ ಎಟಿಪಿಯಂಥ ಸಣ್ಣ ಅಣುಗಳನ್ನು ಧಾರಾಳವಾಗಿ ಬಿಡುತ್ತದೆ. ಒಳಪೊರೆ ಬಹಳ ಬಿಗಿ, ಅದರ ಎರಡು ಬದಿಗಳ ನಡುವೆ ಸುಮಾರು 150–180 ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ.

ಅಳೆಯಲು ಒಂದು ದಾರಿ: ಡಿಟರ್ಜೆಂಟ್ ಬಳಸಿ ಪ್ರೋಟೀನನ್ನು ಪೊರೆಯಿಂದ ಬಿಡಿಸಿ, ಕೃತಕ ಕೊಬ್ಬಿನ ಪೊರೆಯಲ್ಲಿ ಕೂರಿಸಿ, ವೋಲ್ಟೇಜ್ ಕೊಡುವುದು. ವೋಲ್ಟೇಜ್ ಏರಿದಂತೆ ವಿಡಿಎಸಿ ಭಾಗಶಃ ಮುಚ್ಚಿಕೊಳ್ಳುವುದು 1976ರಲ್ಲಿ ಕಂಡದ್ದು ಹೀಗೆ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಹೊರಪೊರೆ ಕಳಚಿ, ಉಪ್ಪಿನಂಶ ಕಡಿಮೆಯಿರುವ ದ್ರವದಲ್ಲಿ ಮೈಟೊಕಾಂಡ್ರಿಯವನ್ನು ಉಬ್ಬಿಸಿ, ಒಳಪೊರೆಗೆ, ಒಳಗೆ ವಿದ್ಯುದ್ವಾರವಿರುವ ಗಾಜಿನ ಸೂಕ್ಷ್ಮ ಕೊಳವೆ ಅಂಟಿಸುತ್ತಾರೆ. 2004ರಲ್ಲಿ ಕ್ಯಾಲ್ಸಿಯಂ ಚಾನೆಲ್‌ನ ಕರೆಂಟು ಹೀಗೆಯೇ ಸಿಕ್ಕಿತು.

ಮೈಟೊಕಾಂಡ್ರಿಯ ಕ್ಯಾಲ್ಸಿಯಂ ಹೀರುತ್ತದೆಂದು 1960ರ ದಶಕದಲ್ಲೇ ಗೊತ್ತಿತ್ತು. ಆದರೆ ಆ ಚಾನೆಲ್‌ನ ಪ್ರೋಟೀನು ಯಾವುದೆಂದು ತಿಳಿದದ್ದು 2011ರಲ್ಲಿ! ಸುಳಿವು ಕೊಟ್ಟದ್ದು ಜೀವಿಗಳ ನಡುವಿನ ಹೋಲಿಕೆ. ಬೇಕರಿಯ ಯೀಸ್ಟ್‌ಗೆ ಈ ಶಕ್ತಿಯಿಲ್ಲ, ನಿದ್ರಾರೋಗ ತರುವ ಟ್ರಿಪನೊಸೋಮ್‌ಗೆ ಇದೆ. ಹಾಗಾಗಿ ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಪ್ರೋಟೀನುಗಳನ್ನು ಹುಡುಕಿದರು.

ಇಂಥ ಪ್ರೋಟೀನುಗಳು ತಯಾರಾಗುವುದು ಮೈಟೊಕಾಂಡ್ರಿಯದ ಹೊರಗೆ, ಆಮೇಲೆ ಒಳಸೇರಬೇಕು. ಆ ಸಾಗಣೆಯ ಸಂಶೋಧನೆ ನಮ್ಮ ಐಐಎಸ್‌ಸಿಯ ಜೀವರಸಾಯನ ವಿಭಾಗದಲ್ಲೇ ನಡೆದಿದೆ. ಆಸಕ್ತಿಯಿದ್ದರೆ ಓಪನ್ ಡೇ ದಿನ ಹೋಗಿ ಮಾತಾಡಿಸಿ.