ಹಾರ್ಮೋನಿಯಂ ಅಭ್ಯಾಸ ಇದ್ದವರು ಪಿಯಾನೋ ಮೇಲೆ ಕೈ ಇಡುವುದು ಹೇಗೆ?

ನಮಸ್ಕಾರ ಅಣ್ಣ. ಕಾಪುವಿನಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುತ್ತೇನೆ, ಈಗ 61 ಕೀಗಳ ಕೀಬೋರ್ಡ್ ತಗೊಂಡು ಪಿಯಾನೋ ಕಲಿಯಲು ಹೊರಟಿದ್ದೇನೆ ಅಂತ ಬರೆದಿದ್ದೀರಿ. ಬೆರಳು ಎಲ್ಲಿ ಇಡಬೇಕು ಗೊತ್ತಾಗುತ್ತಿಲ್ಲ, ಮಣಿಕಟ್ಟು ನೋಯುತ್ತದೆ, ಎಡಗೈ ಮಾತೇ ಕೇಳುವುದಿಲ್ಲ ಅಂದಿರಿ. ಕೀಬೋರ್ಡ್ ಇಟ್ಟಿರುವುದು ಊಟದ ಮೇಜಿನ ಮೇಲೆ, ಅಲ್ವಾ? ನನಗೆ ಮೊದಲ ಅನುಮಾನ ಅಲ್ಲೇ.

ಊಟದ ಮೇಜು ಸಾಮಾನ್ಯವಾಗಿ 30 ಇಂಚು ಎತ್ತರ. ಪಿಯಾನೋದಲ್ಲಿ ಬಿಳಿ ಕೀಗಳೇ ಹೆಚ್ಚುಕಡಿಮೆ 28–29 ಇಂಚಿನಲ್ಲಿ ಇರುತ್ತವೆ. ಮೇಜಿನ ಎತ್ತರಕ್ಕೆ ಕೀಬೋರ್ಡಿನ ದಪ್ಪವೂ ಸೇರಿದರೆ ಭುಜ ಎತ್ತಿಕೊಂಡೇ ನುಡಿಸಬೇಕಾಗುತ್ತದೆ. ಮಣಿಕಟ್ಟು ಮೇಜಿನ ಅಂಚಿಗೆ ಒರಗುತ್ತದೆ. ನೋಯದೆ ಇನ್ನೇನು? ಸ್ಟ್ಯಾಂಡ್ ತಗೊಂಡರೆ ಒಳ್ಳೆಯದು. ಅಲ್ಲಿಯವರೆಗೆ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಕಾಲು ನೇತಾಡಿದರೆ ಪಾದದ ಅಡಿಗೆ ಒಂದು ಮಣೆ ಇಡಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಚೂರು ಮೇಲಿದ್ದರೂ ಪರವಾಗಿಲ್ಲ. ಕುರ್ಚಿಗೆ ಒರಗದೆ ಮುಂದಿನ ಅರ್ಧದಲ್ಲಿ ಕೂತುಕೊಳ್ಳಿ. ಇದು ಸರಿಯಾಗದೆ ಬೆರಳಿನ ವಿಷಯ ಮಾತಾಡಿ ಪ್ರಯೋಜನವಿಲ್ಲ.

ಈಗ ಎರಡೂ ಕೈ ಸುಮ್ನೆ ಪಕ್ಕಕ್ಕೆ ಇಳಿಬಿಡಿ. ಬೆರಳುಗಳು ತಾವಾಗಿ ಸ್ವಲ್ಪ ಬಾಗಿರುತ್ತವೆ. ಅದೇ ಆಕಾರದಲ್ಲಿ ಎತ್ತಿ ಕೀಗಳ ಮೇಲೆ ಇಡಿ. ಹೆಬ್ಬೆರಳು ಉಗುರಿನ ಪಕ್ಕದ ಅಂಚಿನಿಂದ ಕೀ ಮುಟ್ಟಬೇಕು, ಉಳಿದವು ತುದಿಯ ಮೆತ್ತನೆ ಭಾಗದಿಂದ. ಉಗುರು ಕತ್ತರಿಸಿರಲಿ. ಉಂಗುರ ಬೆರಳು, ಕಿರುಬೆರಳುಗಳ ತುದಿಯ ಗಂಟು ಒತ್ತುವಾಗ ಒಳಗೆ ಕುಸಿಯುತ್ತದಾ ನೋಡಿ. ಕುಸಿದರೆ ನಿಧಾನ ಮಾಡಿ, ಜೋರು ಮಾಡಬೇಡಿ.

ಹಾರ್ಮೋನಿಯಂನವರಿಗೆ ಇಲ್ಲಿ ಒಂದು ಅಭ್ಯಾಸ ಬಿಡಿಸಬೇಕಾಗುತ್ತದೆ. ಅಲ್ಲಿ ಕೀ ಒತ್ತಿ ಹಿಡಿದು ತಿದಿ ಹಾಕುತ್ತಿದ್ದರೆ ಸ್ವರ ಕೇಳುತ್ತಲೇ ಇರುತ್ತದೆ. ಪಿಯಾನೋದಲ್ಲಿ ಕೀ ಎಷ್ಟು ವೇಗವಾಗಿ ಕೆಳಗೆ ಹೋಯಿತು ಅನ್ನುವುದರ ಮೇಲೆ ದನಿ ಹೆಚ್ಚುಕಡಿಮೆ ಆಗುತ್ತದೆ. ದನಿ ಬಂದ ಮೇಲೆ ಎಷ್ಟು ಅದುಮಿದರೂ ಏನೂ ಬದಲಾಗುವುದಿಲ್ಲ, ಕೈ ಬಿಗಿಯುತ್ತದೆ ಅಷ್ಟೇ. ಸ್ವರ ಕೇಳಿದ ಕೂಡಲೇ ಒತ್ತಡ ಬಿಡಿ, ಬೆರಳು ಸುಮ್ನೆ ಕೀ ಮೇಲೆ ಕೂತಿರಲಿ.

ಇನ್ನು ಜಾಗ. ಹೆಬ್ಬೆರಳು 1, ಕಿರುಬೆರಳು 5, ಎರಡೂ ಕೈಗೆ ಇದೇ ಲೆಕ್ಕ. ಕಲಿಯುವವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ಸಿ ಪೊಸಿಷನ್, ಅಂದರೆ ಸಿ ಕೀಯಿಂದ ಶುರುವಾಗುವ ಜಾಗ. ಸಿ ಅಂದರೆ ನಿಮ್ಮ ಬಿಳಿ ಒಂದು (ಹಾರ್ಮೋನಿಯಂನಲ್ಲಿ ಬಿಳಿ, ಕಪ್ಪು ಕೀಗಳನ್ನು ಇಲ್ಲಿಂದ ಬೇರೆ ಬೇರೆ ಎಣಿಸುತ್ತೇವಲ್ಲ). ಎರಡು ಕಪ್ಪು ಕೀಗಳ ಜೋಡಿಗೆ ಎಡಕ್ಕೆ ತಾಗಿರುವ ಬಿಳಿ ಕೀ ಅದು. 61 ಕೀಗಳಲ್ಲಿ ಎಡದಿಂದ ಮೂರನೆಯ ಸಿ ಕೀಯೇ ಮಿಡಲ್ ಸಿ, ಅಂದರೆ ನಡುವಿನ ಸಿ. ಬಲಗೈ ಹೆಬ್ಬೆರಳು ಅಲ್ಲಿಟ್ಟು, ಒಂದೊಂದು ಬಿಳಿ ಕೀಗೆ ಒಂದೊಂದು ಬೆರಳು ಬಿಡಿ. ಸ ರಿ ಗ ಮ ಪ ಕೈಯಡಿಗೆ ಬಂತು. ಬಿಳಿ ಒಂದಕ್ಕೆ 1ನೇ ಬೆರಳು, ಬಿಳಿ ಐದಕ್ಕೆ 5ನೇ ಬೆರಳು, ಮರೆಯುವ ಹಾಗೇ ಇಲ್ಲ.

ಎಡಗೈಯಲ್ಲಿ ಇದು ತಲೆಕೆಳಗು. ಕೆಳಗಿನ ಸಪ್ತಕದ ಬಿಳಿ ಒಂದರ ಮೇಲೆ ಕಿರುಬೆರಳು, ಬಿಳಿ ಐದರ ಮೇಲೆ ಹೆಬ್ಬೆರಳು. ಇಷ್ಟು ವರ್ಷ ತಿದಿ ಹಾಕಿದ ಕೈಗೆ ಇದು ಕಷ್ಟವೇ. ಹಾಗಾಗಿ ಎರಡೂ ಕೈ ಒಟ್ಟಿಗೆ ಸರಿಗಮಪ ಏರಿಸಲು ಈಗಲೇ ಹೋಗಬೇಡಿ. ಬಲ ಹೆಬ್ಬೆರಳು ಮಿಡಲ್ ಸಿ ಮೇಲೆ, ಎಡ ಹೆಬ್ಬೆರಳು ಒಂದು ಸಪ್ತಕ ಕೆಳಗಿನ ಸಿ ಮೇಲೆ ಇಡಿ. ಅಲ್ಲಿಂದ ಎರಡೂ ಕೈ ಹೊರಕ್ಕೆ ಹೋಗಲಿ, 1-2-3-4-5. ಎರಡು ಕೈಯಲ್ಲೂ ಅದೇ ಬೆರಳು ಒಟ್ಟಿಗೆ ಬೀಳುತ್ತದೆ. ಬಾಯಲ್ಲಿ ಸ್ವರ ಬೇಡ, ಬೆರಳಿನ ಸಂಖ್ಯೆ ಹೇಳಿ. ಎಡಗೈ ಬೇಗ ದಾರಿಗೆ ಬರುತ್ತದೆ.

ಸಿ ಪೊಸಿಷನ್ನಿನಲ್ಲಿ ಬೆರಳು ಮತ್ತೆ ಮತ್ತೆ ಚಪ್ಪಟೆಯಾದರೆ ಹತ್ತೊಂಬತ್ತನೇ ಶತಮಾನದ ಹೆಸರಾಂತ ಪಿಯಾನೋ ವಾದಕ ಶೋಪಾನ್ ಹಿಡಿಸುತ್ತಿದ್ದ ಜಾಗ ನೋಡಿ. ಅವರು ಶಿಷ್ಯರಿಗೆ ಬಲಗೈಯಲ್ಲಿ ಬಿಳಿ ಮೂರು, ಕಪ್ಪು ಮೂರು, ಕಪ್ಪು ನಾಲ್ಕು, ಕಪ್ಪು ಐದು, ಬಿಳಿ ಏಳು, ಈ ಐದು ಕೀಗಳ ಮೇಲೆ ಕೈ ಇಡಿಸುತ್ತಿದ್ದರು. ಉದ್ದ ಬೆರಳು ಮೂರೂ ಎತ್ತರದ ಕಪ್ಪು ಕೀಗಳ ಮೇಲೆ, ಗಿಡ್ಡ ಬೆರಳು ಎರಡೂ ಬಿಳಿಯ ಮೇಲೆ. ಒಮ್ಮೆ ಇಟ್ಟು ನೋಡಿ, ಕೈ ಎಷ್ಟು ಹಾಯಾಗಿ ಕೂರುತ್ತದೆ! ನನಗಂತೂ ಇದು ಬಹಳ ಇಷ್ಟ.

ಎತ್ತರ ಸರಿಮಾಡಿಕೊಂಡ ಮೇಲೆ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಮೊಣಕೈ, ಮಣಿಕಟ್ಟು ಎರಡೂ ಕಾಣುವ ಹಾಗೆ ಇರಲಿ.