ಪಾಠ ಓದುತ್ತಾಳೆ, ತಿರುಳು ಹೇಳುವುದಿಲ್ಲ

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸ್. ಇಂಗ್ಲಿಷ್ ಮೀಡಿಯಂ. ಸರಾಗವಾಗಿ ಓದುತ್ತಾಳೆ. ಆದರೆ 'ಮುಖ್ಯವಾಗಿ ಏನು ಹೇಳಿದ್ದಾರೆ' ಅಂತ ಕೇಳಿದರೆ ಮೊದಲ ಸಾಲು ಓದುತ್ತಾಳೆ, ಇಲ್ಲಾ ಇಡೀ ಪಾಠ ಒಪ್ಪಿಸುತ್ತಾಳೆ. ಹೇಗೆ ಕಲಿಸಲಿ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಎಷ್ಟೋ ಪಾಠಗಳಲ್ಲಿ ತಿರುಳು ಮೊದಲ ಸಾಲಿನಲ್ಲೇ ಇರುತ್ತದೆ. ಹಾಗಾಗಿ ಅವಳಿಗೆ ಅದು ರೂಢಿಯಾಗಿರಬಹುದು, ಬೈಯಬೇಡಿ. ತಿರುಳು ಕೊನೆಯಲ್ಲಿರುವ ನಾಲ್ಕು ಸಾಲು ಕೊಟ್ಟು ನೋಡಿ:

'ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಈಗ ಅಲ್ಲಿ ನಿಂತರೆ ನೀರಿತ್ತು ಅಂತ ಗೊತ್ತೇ ಆಗುವುದಿಲ್ಲ. ಊರು ಬೆಳೆದ ಹಾಗೆ ಹಳೆಯ ಕೆರೆಗಳು ಮುಚ್ಚಿಹೋದವು.'

ಮೊದಲು ಕೇಳಿ: ಇದು ಯಾವುದರ ಬಗ್ಗೆ? 'ಕೆರೆ' ಅಂದರೆ ಸಾಕು. ಆಮೇಲೆ: ಕೆರೆಗಳ ಬಗ್ಗೆ ಏನು ಹೇಳಿದ್ದಾರೆ? ಇದಕ್ಕೆ ಪೂರ್ತಿ ವಾಕ್ಯವೇ ಬೇಕು. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಎರಡೂ ಒಂದೇ ಅಂದುಕೊಂಡಿರುತ್ತಾರೆ.

ಅವಳು 'ಮೆಜೆಸ್ಟಿಕ್‌ನಲ್ಲಿ ಕೆರೆ ಇತ್ತು' ಅನ್ನಬಹುದು. ನೋಡಿದ ಜಾಗ ಅಲ್ವಾ, ಮನಸ್ಸು ಅಲ್ಲೇ ನಿಲ್ಲುತ್ತದೆ. ತಪ್ಪು ಅನ್ನಬೇಡಿ. 'ಹಾಗಾದರೆ ಕಂಠೀರವದ ಮಾತು ಯಾಕೆ ಬಂತು?' ಅಂತ ಕೇಳಿ. ಉಳಿದ ಸಾಲುಗಳೂ ಒಳಗೆ ಬರುವಂತೆ ಅವಳೇ ವಾಕ್ಯ ಹಿಗ್ಗಿಸುತ್ತಾಳೆ. 'ಬೆಂಗಳೂರು ಬದಲಾಗಿದೆ' ಅಂದರೆ ಜಾಸ್ತಿ ಹಿಗ್ಗಿತು. 'ಏನು ಬದಲಾಯಿತು?' ಅಂತ ಮತ್ತೆ ಕೇಳಿ. ಉತ್ತರ ನೀವೇ ಹೇಳಿಬಿಡಬೇಡಿ, ಸ್ವಲ್ಪ ಕಾಯಿರಿ.

ಇನ್ನೊಂದು ಮಾತು. ಸರಾಗವಾಗಿ ಓದುವ ಮಗುವಿನ ಗಮನವೆಲ್ಲ ಉಚ್ಚಾರಣೆಯ ಮೇಲೇ ಇರಬಹುದು. ಒಮ್ಮೆ ನೀವು ಓದಿ, ಅವಳು ಸುಮ್ನೆ ಕೇಳಲಿ. ಆಗ ತಿರುಳು ಹೇಳಿದರೆ, ಅರ್ಥ ಮಾಡಿಕೊಳ್ಳುವ ಶಕ್ತಿ ಇದೆ, ಓದುವುದರಲ್ಲೇ ಸುಸ್ತಾಗುತ್ತಿದ್ದಾಳೆ ಎಂದರ್ಥ. ಇಂಗ್ಲಿಷ್ ಪಾಠವಾದರೆ ಉತ್ತರ ಕನ್ನಡದಲ್ಲೇ ಹೇಳಲಿ. ಕನ್ನಡದಲ್ಲಿ ಸರಿಯಾಗಿ ಹೇಳಿದರೆ ಪಾಠ ಅರ್ಥವಾಗಿದೆ, ಇಂಗ್ಲಿಷ್ ಮಾತು ಮಾತ್ರ ಸಾಲುತ್ತಿಲ್ಲ. ಮನೆಮಾತು ಬಿಡಿಸಿ ಪಾಠ ಕಲಿಸುವ ಅವಸರ ನನಗಂತೂ ಒಪ್ಪಿಗೆಯಿಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು. ಪತ್ರಿಕೆಯ ಪುಟ್ಟ ಸುದ್ದಿಯೊಂದರ ಶೀರ್ಷಿಕೆ ಮುಚ್ಚಿ, ಅವಳಿಂದ ಒಂದು ಶೀರ್ಷಿಕೆ ಬರೆಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವು ಶೀರ್ಷಿಕೆಗಳು ಬರೀ ಕಣ್ಣು ಸೆಳೆಯುವುದಕ್ಕೆ ಇರುತ್ತವೆ. ಅವಳದೇ ಚೆನ್ನಾಗಿದ್ದರೆ ಹಾಗಂತ ಹೇಳಿ.