‘ಆರ್ಸೆನೊಕೊಯ್ತಾಯ್’ ಪದದ ನಿಜವಾದ ಅರ್ಥ ತೋರಿಸಿದರೆ ಮನೆಯವರು ನನ್ನನ್ನು ಒಪ್ಪುತ್ತಾರಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ನಿಮ್ಮ ಹಾಗೆ ನಾನೂ ಸಲಿಂಗಿ. ನಾನೂ ಹೀಗೇ ಒಂದು ಕ್ರಿಸ್‌ಮಸ್‌ಗೆ ಆ ಬೈಬಲ್ ಪದದ ಬಗ್ಗೆ ಫೈಲ್ ಹಿಡಿದು ಊರಿಗೆ ಹೋಗಿದ್ದೆ. ಪ್ರಿಂಟೌಟ್ ತುಂಬ ಹಳದಿ ಗೆರೆ ಬೇರೆ.

ಅಮ್ಮ ಕರ್ಜಿಕಾಯಿ ಕರಿಯುತ್ತಿದ್ದಳು. ಅಪ್ಪನ ಮುಂದೆ ಕೂತು ಶುರು ಮಾಡಿದೆ. 1 ಕೊರಿಂಥ 6:9ರಲ್ಲಿ ನಮ್ಮ ಕನ್ನಡ ಬೈಬಲ್ ‘ಪುರುಷಗಾಮಿಗಳು’ ಅನ್ನುತ್ತೆ. ಅದರ ಮೂಲ ‘ಆರ್ಸೆನೊಕೊಯ್ತಾಯ್’. ಆ ಗ್ರೀಕ್ ಪದ, ಪತ್ರ ಬರೆದ ಪೌಲನಿಗಿಂತ ಮುಂಚೆ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಹೊಸ ಒಡಂಬಡಿಕೆಯಲ್ಲಿ ಬರುವುದೇ ಎರಡು ಸಲ. ಲೂಥರ್ ಅದನ್ನು ‘ಹುಡುಗರನ್ನು ಕೆಡಿಸುವವರು’ ಅಂತ ಜರ್ಮನ್‌ಗೆ ತಂದ. ಆರ್‌ಎಸ್‌ವಿ ಅನ್ನುವ ಇಂಗ್ಲಿಷ್ ಬೈಬಲ್ ಅನುವಾದ 1946ರಲ್ಲಿ ಅದನ್ನು ಪಕ್ಕದ ‘ಮಲಕೊಯ್’ (ಅಕ್ಷರಶಃ ‘ಮೃದುವಾದವರು’) ಜೊತೆ ಸೇರಿಸಿ, ಎರಡಕ್ಕೂ ‘ಹೋಮೋಸೆಕ್ಷುವಲ್ಸ್’ ಅಂತ ಒಂದೇ ಪದ ಹಾಕಿತು, 1971ರಲ್ಲಿ ಬದಲಾಯಿಸಿತು. ‘ಆರ್ಸೆನ್’ ಗಂಡು, ‘ಕೊಯ್ತೆ’ ಹಾಸಿಗೆ ಅಂತ ಬಿಡಿಸಿ ಅರ್ಥ ಹೇಳೋದಾದರೆ ಹೊಟ್ಟೆಕಿಚ್ಚು ಅಂದರೆ ಆಸಿಡಿಟಿ ಆಗುತ್ತೆ ಅಂತ ಜೋಕೂ ಹೊಡೆದೆ.

ಇಲ್ಲಿವರೆಗೆ ಸುಳ್ಳೇನಿಲ್ಲ. ಕೆಟ್ಟದ್ದು ಮುಂದಿನ ಮಾತಿನಿಂದ: “ಈ ಪದಕ್ಕೂ ನಮ್ಮಂಥವರಿಗೂ ಸಂಬಂಧವೇ ಇಲ್ಲ, ಬೇಕಾದರೆ ಯಾರನ್ನಾದರೂ ಕೇಳಿ.”

ಅಪ್ಪ ಕೇಳಿಯೇಬಿಟ್ಟರು. ಸಂಜೆ ಸಭಾಪಾಲಕರು ಬಂದು, ಗಂಡು ಗಂಡಿನ ಜೊತೆ ಮಲಗಬಾರದು ಅನ್ನುವ ಯಾಜಕಕಾಂಡ 20:13ರ ಹಳೆಯ ಗ್ರೀಕ್ ಅನುವಾದ ತೆಗೆದು ಬೆರಳಿಟ್ಟರು. ‘ಆರ್ಸೆನೊಸ್ ಕೊಯ್ತೆನ್’, ಎರಡೂ ಅಕ್ಕಪಕ್ಕ. ಪೌಲ ಅಲ್ಲಿಂದಲೇ ಪದ ಜೋಡಿಸಿರಬಹುದು ಅನ್ನುವ ವಾದ ನನಗೆ ಗೊತ್ತಿತ್ತು. ಗೊತ್ತಿದ್ದೂ ಫೈಲಿಗೆ ಹಾಕಿರಲಿಲ್ಲ. ಅದಕ್ಕೆ ಎದುರುವಾದವೂ ಇದೆ: 1 ತಿಮೊಥೆ 1:10ರಲ್ಲಿ ಈ ಪದದ ಬೆನ್ನಿಗೇ ಮನುಷ್ಯರನ್ನು ಕದ್ದು ಮಾರುವವರು ಬರುತ್ತಾರೆ, ಹಾಗಾಗಿ ಇದು ಶೋಷಣೆಯ ಮಾತು ಅನ್ನುವವರಿದ್ದಾರೆ. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ನಾನು ಮಾಡಿಕೊಂಡದ್ದು ಗೊತ್ತಾಯ್ತಾ? ಪದ ಗೆದ್ದರೆ ನಾನು ಮಗ, ಸೋತರೆ ಅಲ್ಲ ಅಂತ ಪಣ ಕಟ್ಟಿದವನು ನಾನೇ. ಅಪ್ಪ ಕಟ್ಟಿರಲಿಲ್ಲ. ಅವರಿಗೆ ಗ್ರೀಕ್ ಒಂದಕ್ಷರ ಬಾರದು. ಮಗ ಉತ್ತರ ಸಿಗದೆ ತಲೆ ತಗ್ಗಿಸಿದ್ದು ಮಾತ್ರ ಕಂಡಿತು. ಅಡುಗೆಮನೆಯಲ್ಲಿ ಎಣ್ಣೆ ಸೀಯುತ್ತಿತ್ತು, ಯಾರೂ ಏಳಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿಕಾಣಲಿಲ್ಲ. ಪಂಡಿತರು ಇನ್ನೂ ಕಿತ್ತಾಡುತ್ತಿರುವ ಪದದ ಮೇಲೆ ನಿಮ್ಮ ಮನೆ ನಿಲ್ಲಿಸಬೇಡಿ. ಗ್ರೀಕ್ ಓದಿ, ನಿಮಗೋಸ್ಕರ ಓದಿ. ಫೈಲ್ ಮಾತ್ರ ಊರಿಗೆ ಒಯ್ಯಬೇಡಿ. ‘ಯಾರನ್ನಾದರೂ ಕೇಳಿ’ ಅಂತ ಅಪ್ಪಿತಪ್ಪಿಯೂ ಅನ್ನಬೇಡಿ.

ಅವತ್ತು ನಾನು ಹೇಳಬೇಕಿದ್ದದ್ದು “ಅಪ್ಪಾ, ನಂಗೆ ಹೆದರಿಕೆ ಆಗ್ತಿದೆ” ಅಂತ ಇಷ್ಟೇ. ಅದಕ್ಕೆ ಮೂರು ವರ್ಷ ಹಿಡಿಯಿತು, ಅದೂ ಫೋನಲ್ಲಿ. ಅಪ್ಪ ಏನೂ ಅನ್ನಲಿಲ್ಲ. ಫೋನ್ ಇಡಲೂ ಇಲ್ಲ.